ತೊಗರಿ ಹೊಲದ ರಾತ್ರಿ ಪಾಳಿ

ಕಲಬುರಗಿ ಜಿಲ್ಲೆಯ ವಾಡಿ ಸುತ್ತಲಿನ ಹಳ್ಳಿಗಳಲ್ಲಿ ತೊಗರಿ ಹುಳು ನೋಡದವರು ಯಾರೂ ಇಲ್ಲ. ಕಾಯಿಗೆ ದುಂಡನೆಯ ತೂತು ಕೊರೆದು, ತಲೆ ಒಳಗೆ ತೂರಿಸಿ, ಅರ್ಧ ಮೈ ಹೊರಗೇ ಬಿಟ್ಟುಕೊಂಡು ಕಾಳು ತಿನ್ನುವ ಆ ಹಸಿರು ಕೀಡೆಯನ್ನು ಮೂರನೇ ಕ್ಲಾಸಿನ ಹುಡುಗನೂ ಗುರುತು ಹಿಡಿಯುತ್ತಾನೆ. ಅದರ ದೆಸೆಯಿಂದ ಸಾಲಕ್ಕೆ ಬಿದ್ದ ಮನೆಗಳಿವೆ, ಮುಂದಕ್ಕೆ ಹೋದ ಮದುವೆಗಳಿವೆ. ಅದೇ ಕೀಡೆಯ ತಾಯಿಯನ್ನು ಹಿಡಿದು ಅಂಗೈಯಲ್ಲಿಟ್ಟು ತೋರಿಸಿ ನೋಡಿ. 'ಇದು ಸುಮ್ನ ದೀಪದ ಹುಳ ಅದ ಬಿಡ್ರಿ, ಇದೇನ್ ಮಾಡ್ತದ' ಎಂದು ಊದಿ ಹಾರಿಸಿಬಿಡುತ್ತಾರೆ.

ಈ 'ದೀಪದ ಹುಳ'ವೇ ಹೆಲಿಕೋವರ್ಪಾ ಆರ್ಮಿಜೆರಾ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ತೊಗರಿ ಕಾಯಿಕೊರಕ. ಹತ್ತಿ ಬೆಳೆಯುವವರ ಬಾಯಲ್ಲಿ ಅಮೆರಿಕನ್ ಕಾಯಿಕೊರಕ. ಈ ಕೊನೆಯ ಹೆಸರು ಶುದ್ಧ ಅಪವಾದ. ಏಷ್ಯಾ, ಆಫ್ರಿಕಾ, ದಕ್ಷಿಣ ಯುರೋಪ್, ಆಸ್ಟ್ರೇಲಿಯಾ ಇದರ ಹಳೆಯ ನೆಲೆಗಳು. ಅಮೆರಿಕ ಖಂಡದಲ್ಲಿ ಇದು ಇರಲೇ ಇಲ್ಲ, ಬ್ರೆಜಿಲ್‌ನಲ್ಲಿ ಪತ್ತೆಯಾಗಿದ್ದೇ 2013ರಲ್ಲಿ. ಅಲ್ಲಿನ ಸೋಯಾ, ಹತ್ತಿ ಬೆಳೆಗಾರರು ಆಮೇಲೆ ಪಟ್ಟ ಪಾಡು ನಮ್ಮ ರೈತರಿಗೆ ಹೊಸದೇನಲ್ಲ. ಅಂದಮೇಲೆ ಈ ಚಿಟ್ಟೆ ಪರದೇಶಿ ಅಲ್ಲ, ನಮ್ಮ ಮಣ್ಣಿನದೇ. ತೊಗರಿ ಕೂಡ ಭಾರತದಲ್ಲೇ ಕಾಡಿನಿಂದ ಹೊಲಕ್ಕೆ ಬಂದ ಬೆಳೆ. ಒಂದೇ ನೆಲದ ಈ ಇಬ್ಬರ ಲೆಕ್ಕಾಚಾರ ಬಹಳ ಹಳೆಯದು, ನಡುವೆ ನಾವು ಬಂದು ಸೇರಿಕೊಂಡಿದ್ದೇವೆ.

ಚಿಟ್ಟೆಯನ್ನು ನೋಡಬೇಕೆಂದರೆ ಮೊದಲು ಹೊಲಕ್ಕೇ ಹೋಗಬೇಕೆಂದಿಲ್ಲ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮೇ ಸಾಕು. 1874ರಲ್ಲಿ ನಿಜಾಮರ ರೈಲು ಮಾರ್ಗ ಸಿಕಂದರಾಬಾದಿನಿಂದ ಬಂದು ಮುಂಬೈ–ಮದ್ರಾಸ್ ಮಾರ್ಗಕ್ಕೆ ಕೂಡಿದ್ದು ಇಲ್ಲಿ. ಅಂದಿನಿಂದ ಇದು ರಾತ್ರಿ ಮಲಗದ ಊರು. ಸಿಮೆಂಟ್ ಕಾರ್ಖಾನೆ ಬಂದಮೇಲೆ ಎರಡನೇ ಪಾಳಿ, ಮೂರನೇ ಪಾಳಿ ಎಂದು ದೀಪಗಳು ಇನ್ನೂ ಹೆಚ್ಚಾದವು. ಊರಿನ ಮಗ್ಗುಲಿಗೇ ತೊಗರಿ ಹೊಲ. ನವೆಂಬರ್ ತಿಂಗಳ ಸಂಜೆ ಬಿಳಿ ದೀಪದ ಕಂಬದ ಬುಡದಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ ಹತ್ತಾರು ಜಾತಿಯ ಹುಳುಗಳು ಕೂತಿರುತ್ತವೆ. ಹಳದಿ ದೀಪಕ್ಕಿಂತ ಬಿಳಿ ದೀಪದ ಹತ್ತಿರ ಹುಡುಕುವುದು ಮೇಲು. ಪತಂಗಗಳ ಕಣ್ಣಿಗೆ ನೀಲಿಯ ಕಡೆಯ ಬೆಳಕೇ ಹೆಚ್ಚು ನಾಟುತ್ತದೆ.

ಗೋಡೆಯ ಮೇಲೆ ಕೂತಾಗ ಇದು ರೆಕ್ಕೆಯನ್ನು ಹಗಲು ಹಾರುವ ಪಾತರಗಿತ್ತಿಯ ಹಾಗೆ ಮೇಲೆತ್ತಿ ಜೋಡಿಸುವುದಿಲ್ಲ, ಬೆನ್ನ ಮೇಲೆ ಇಳಿಜಾರು ಮಾಡಿ ಹೊದ್ದುಕೊಳ್ಳುತ್ತದೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಮೂರೂವರೆ, ನಾಲ್ಕು ಸೆಂಟಿಮೀಟರ್. ಹೆಣ್ಣಿನ ಮುಂದಿನ ರೆಕ್ಕೆ ಕಂದು, ಅದರಲ್ಲೊಂದು ಕಿತ್ತಳೆ ಛಾಯೆ. ಗಂಡಿನದು ಹಸಿರು ಬೆರೆತ ಬೂದು. ಎರಡಕ್ಕೂ ಮುಂದಿನ ರೆಕ್ಕೆಯ ನಡುವೆ ಅಲಸಂದಿ ಕಾಳಿನ ಆಕಾರದ ಒಂದು ಕಪ್ಪು ಮಚ್ಚೆ, ಅಂಚಿನಗುಂಟ ಏಳೆಂಟು ಸಣ್ಣ ಚುಕ್ಕೆಗಳ ಸಾಲು. ಇಷ್ಟು ನೋಡಿ ಸಾಧಾರಣ ಹುಳು ಎಂದು ತಿರುಗಿದರೆ ಅದರ ಚೆಲುವು ತಪ್ಪಿಹೋಯಿತು. ಕಡ್ಡಿಯ ತುದಿಯಿಂದ ಮುಂದಿನ ರೆಕ್ಕೆಯನ್ನು ಮೆಲ್ಲಗೆ ಸರಿಸಬೇಕು. ಒಳಗಿನ ರೆಕ್ಕೆ ಹಾಲುಕೆನೆಯ ಬಣ್ಣದ್ದು, ನರಗಳು ಒಂದೊಂದೂ ಎಣಿಸುವ ಹಾಗೆ ಎದ್ದು ಕಾಣುತ್ತವೆ, ಹೊರ ಅಂಚಿಗೆ ಅಗಲವಾದ ಗಾಢ ಕಂದು ಪಟ್ಟಿ, ಆ ಪಟ್ಟಿಯೊಳಗೆ ಮತ್ತೆ ಒಂದು ತಿಳಿ ಮಚ್ಚೆ. ಜೀವಂತ ಚಿಟ್ಟೆಯ ಕಣ್ಣು ತಿಳಿ ಹಸಿರು. ಪೆಟ್ಟಿಗೆಯಲ್ಲಿ ಗುಂಡುಸೂಜಿ ಚುಚ್ಚಿಟ್ಟ ಮಾದರಿಯಲ್ಲಿ ಈ ಹಸಿರು ಸಿಗುವುದಿಲ್ಲ, ಸತ್ತಮೇಲೆ ಅದು ಮಾಸಿಹೋಗುತ್ತದೆ. ಪುಸ್ತಕದ ಚಿತ್ರ ನೋಡಿ ಗುರುತು ಹಿಡಿಯಲು ಹೊರಟವರು ಗಲಿಬಿಲಿಗೊಳ್ಳುವುದು ಇಲ್ಲೇ.

ಇನ್ನು ಹೊಲದ ಮಾತು. ಇಲ್ಲಿಯ ಎರೆ ಮಣ್ಣಿನ ಕೆಳಗೆ ಸುಣ್ಣದ ಕಲ್ಲು. ಶಹಾಬಾದಿನ ಪರಸಿ, ವಾಡಿ–ಸೇಡಂನ ಸಿಮೆಂಟು, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ, ಮೂರೂ ಈ ಕಲ್ಲಿನ ಋಣದಲ್ಲಿವೆ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ದೀಪಾವಳಿ ಹೊತ್ತಿಗೆ ಮೊಗ್ಗಾಗಿ ಹೂವಾಗಿ ಹಳದಿ ತಿರುಗುತ್ತದೆ. ಚಿತ್ತಾಪುರದ ಕಡೆಗಿನ ರಸ್ತೆಯಲ್ಲಿ ಹಗಲು ಹೋದರೆ ಜೇನ್ನೊಣದ ಸದ್ದು. ಕತ್ತಲಾದ ಮೇಲೆ ಅದೇ ಹೂವಿಗೆ ಬೇರೆ ಗಿರಾಕಿಗಳು.

ಹಗಲೆಲ್ಲ ಚಿಟ್ಟೆ ಎಲೆಯ ಮರೆಯಲ್ಲೋ ಬದುವಿನ ಹುಲ್ಲಿನಲ್ಲೋ ಅಡಗಿರುತ್ತದೆ. ಹೊತ್ತು ಮುಳುಗಿ ಅರ್ಧ ತಾಸು ಆಗುತ್ತಲೇ ಹೊರಬೀಳುತ್ತದೆ. ಬ್ಯಾಟರಿ ಹಿಡಿದು, ಬೆಳಕನ್ನು ಕಣ್ಣಿನ ಮಟ್ಟದಲ್ಲೇ ಇಟ್ಟುಕೊಂಡು ಸಾಲಿನಗುಂಟ ನೋಡುತ್ತ ಹೋದರೆ ಅಲ್ಲಲ್ಲಿ ಬೀಡಿಯ ತುದಿಯ ಹಾಗೆ ಕೆಂಪು ಮಿಣುಕುಗಳು ಕಾಣುತ್ತವೆ. ಅವು ಪತಂಗಗಳ ಕಣ್ಣು, ಒಳಗೆ ಹೊಕ್ಕ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಹತ್ತಿರ ಹೋದರೆ ಸುರುಳಿ ಬಿಚ್ಚಿದ ಸೊಂಡಿಲು ಹೂವಿನೊಳಗೆ ಇಳಿದಿರುವುದು, ರೆಕ್ಕೆ ಸಣ್ಣಗೆ ನಡುಗುತ್ತಿರುವುದು ಕಾಣಿಸುತ್ತದೆ. ಮೊದಲು ಮಕರಂದ, ಆಮೇಲೆ ಮೊಟ್ಟೆ. ರಾತ್ರಿ ಜರುಗಿದಂತೆ ಹೆಣ್ಣು ಹೊಟ್ಟೆಯ ತುದಿಯನ್ನು ಹೊರಗೆ ಚಾಚಿ ವಾಸನೆಯ ರಾಸಾಯನಿಕವೊಂದನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಗಾಳಿಯ ದಿಕ್ಕಿನಲ್ಲಿರುವ ಗಂಡು ಅದರ ಎಳೆ ಹಿಡಿದು ಡೊಂಕುಡೊಂಕಾಗಿ ಹಾರುತ್ತ ಬರುತ್ತದೆ.

ಮೊಟ್ಟೆಯಿಡುವ ರೀತಿ ಮಾತ್ರ ನಿಂತು ನೋಡುವಂಥದ್ದು. ರೇಷ್ಮೆ ಚಿಟ್ಟೆಯ ಹಾಗೆ ಒಂದೇ ಕಡೆ ರಾಶಿ ಹಾಕುವುದಿಲ್ಲ. ಗಿಡದ ತುದಿಯ ಹೂಗೊಂಚಲಿನ ಹತ್ತಿರ ಬಂದು, ಒಂದು ಕ್ಷಣ ಕಾಲೂರಿ, ಒಂದೇ ಒಂದು ಮೊಟ್ಟೆ ಅಂಟಿಸಿ, ಎದ್ದು ಮುಂದಿನ ಗಿಡಕ್ಕೆ. ಮತ್ತೆ ಒಂದು. ಹೀಗೆ ಕೆಲವು ರಾತ್ರಿಗಳಲ್ಲಿ ಒಂದು ಹೆಣ್ಣು ನೂರಾರು, ಅನುಕೂಲ ಸಿಕ್ಕರೆ ಸಾವಿರಕ್ಕೂ ಮೀರಿ ಮೊಟ್ಟೆಗಳನ್ನು ಹೊಲದ ತುಂಬ ಹಂಚಿಬಿಡುತ್ತದೆ. ಹೂವಿಲ್ಲದ ಗಿಡ ಇದಕ್ಕೆ ಬೇಕಾಗುವುದಿಲ್ಲ. ಹೊಲ ಹೂವಿಗೆ ಬರುವ ವಾರವೇ ಇದೂ ಬರುವುದು ಅದಕ್ಕೇ.

ಒಂದೊಂದೇ ಇಡುವುದರಲ್ಲಿ ಒಂದು ಹಿಕ್ಮತ್ತು ಇದೆ. ಇದರ ಮರಿಗಳು ಒಡಹುಟ್ಟಿದವರನ್ನೂ ಬಿಡುವ ಪೈಕಿಯಲ್ಲ. ಎರಡು ಕೀಡೆಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿಟ್ಟರೆ ಬೆಳಿಗ್ಗೆ ಉಳಿಯುವುದು ಒಂದೇ, ಅದೂ ಚೆನ್ನಾಗಿ ಉಂಡು ಮಲಗಿದ್ದು. ಪ್ರಯೋಗಾಲಯದಲ್ಲಿ ಇವನ್ನು ಸಾಕುವವರು ಒಂದೊಂದಕ್ಕೂ ಬೇರೆ ಬೇರೆ ಗೂಡು ಮಾಡಿಕೊಡಬೇಕು.

ಮೊಟ್ಟೆ ಅರ್ಧ ಮಿಲಿಮೀಟರ್, ಖಸಖಸೆಗಿಂತ ಸಣ್ಣದು. ಬರಿಗಣ್ಣಿಗೆ ಹಳದಿ ಬಿಳುಪಿನ ಒಂದು ಚುಕ್ಕಿ ಅಷ್ಟೇ. ಭೂತಗನ್ನಡಿ ಹಿಡಿದರೆ ಗೋಲವೊಂದರ ನೆತ್ತಿಯಿಂದ ಕೆಳಕ್ಕೆ ನೀಟಾಗಿ ಕೊರೆದ ಗೆರೆಗಳು ಕಾಣುತ್ತವೆ. ಒಡೆಯುವ ಮುಂಚೆ ಕಂದು ತಿರುಗುತ್ತದೆ. ಮೂರರಿಂದ ಐದು ದಿನಕ್ಕೆ ಮರಿ ಹೊರಗೆ. ಮೊದಲು ಮೊಟ್ಟೆಯ ಸಿಪ್ಪೆ ತಿನ್ನುತ್ತದೆ, ಆಮೇಲೆ ಎಳೆ ಎಲೆ, ಮೊಗ್ಗು, ಹೂ. ಈ ಹಂತದಲ್ಲಿ ಅದು ಹೊರಗೇ ಓಡಾಡಿಕೊಂಡಿರುತ್ತದೆ. ಹಕ್ಕಿ, ಜೇಡ, ಔಷಧಿ ಯಾವುದಕ್ಕಾದರೂ ಸುಲಭದ ತುತ್ತು. ಆದರೆ ಕೂದಲೆಳೆಯಷ್ಟಿರುವ ಮರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪೊರೆ ಕಳಚುತ್ತ ಕಳಚುತ್ತ ಎರಡು ಮೂರು ವಾರದಲ್ಲಿ ಬೆರಳಿನ ಎರಡು ಗೆಣ್ಣಿನಷ್ಟಾಗಿ ಕಾಯಿಗೆ ತೂತು ಹಾಕಿದಾಗ ಊರೆಲ್ಲ ಎಚ್ಚರಾಗುತ್ತದೆ. 'ಹುಳ ಬಿದ್ದದ್ರಿ' ಎನ್ನುವ ಮಾತು ಚಹಾದಂಗಡಿಯಲ್ಲಿ ಕೇಳಿಬರುವ ಹೊತ್ತಿಗೆ ರಾತ್ರಿ ಪಾಳಿಯ ಕೆಲಸ ಮುಗಿದು ಎರಡು ವಾರ ಕಳೆದಿರುತ್ತದೆ.

ಕೀಡೆಯ ಬಣ್ಣ ನೋಡಿ ಇದು ಬೇರೆ ಅದು ಬೇರೆ ಎಂದು ವಾದ ಮಾಡುವವರನ್ನು ಕಂಡಿದ್ದೇನೆ. ಹಸಿರು, ಹಳದಿ, ಕಂದು, ಗುಲಾಬಿ, ಕಪ್ಪು, ಎಲ್ಲವೂ ಅದೇ. ಮಗ್ಗುಲಿಗೆ ಒಂದು ಬಿಳಿ ಪಟ್ಟಿ ಇದ್ದೇ ಇರುತ್ತದೆ. ಆದರೆ ಅದೇ ಗಿಡದಲ್ಲಿ ಸಣ್ಣ ಮುಳ್ಳುಗೂದಲಿನ ಕಂದು ಹಸಿರು ಹುಳು ಸಿಕ್ಕರೆ ಅದು ಬೇರೆಯವರ ಮಗು. ಎಕ್ಸೆಲಾಸ್ಟಿಸ್ ಎಂಬ ಗರಿ ಪತಂಗದ್ದು. ಅದರ ತಾಯಿ ಇನ್ನೂ ಸೊಗಸು. ಕೂತಾಗ ಕಿರಿದಾದ ರೆಕ್ಕೆಗಳನ್ನು ಎರಡೂ ಕಡೆಗೆ ನೇರವಾಗಿ ಚಾಚಿ, ಸೊಳ್ಳೆಗಿಂತ ಉದ್ದನೆಯ ಕಾಲುಗಳ ಮೇಲೆ ನಿಂತಿರುತ್ತದೆ. ಅದರ ಸುದ್ದಿ ಇನ್ನೊಮ್ಮೆ.

ಅಮಾವಾಸ್ಯೆಗೂ ಈ ಚಿಟ್ಟೆಗೂ ಸಂಬಂಧ ಹಚ್ಚುವುದು ನಮ್ಮ ಕಡೆ ರೂಢಿ. 'ಅಮಾಸಿ ಆದ ಮ್ಯಾಲ ಹುಳ ಜಾಸ್ತಿ' ಎನ್ನುತ್ತಾರೆ. ದೀಪದ ಬಲೆ ಇಟ್ಟು ಲೆಕ್ಕ ಹಿಡಿದವರ ಅನುಭವವೂ ಹತ್ತಿರಹತ್ತಿರ ಇದೇ. ಹುಣ್ಣಿಮೆಯ ಆಸುಪಾಸು ಬಲೆಗೆ ಬೀಳುವ ಪತಂಗ ಕಡಿಮೆ, ಕಪ್ಪು ರಾತ್ರಿಗಳಲ್ಲಿ ಹೆಚ್ಚು. ಇದರಲ್ಲಿ ಎಷ್ಟು ಪಾಲು ಚಿಟ್ಟೆಯ ಸ್ವಭಾವ, ಎಷ್ಟು ಪಾಲು ಬೆಳದಿಂಗಳ ಎದುರು ದೀಪ ಮಂಕಾಗುವುದರ ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ಎರಡನೆಯದೇ ದೊಡ್ಡ ಪಾಲು ಎಂದು ನನ್ನ ಗುಮಾನಿ. ಆದರೂ ರೈತನಿಗೆ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ದೀಪಾವಳಿ ಅಮಾವಾಸ್ಯೆಗೆ ಮೊಗ್ಗು, ಛಟ್ಟಿ ಅಮಾವಾಸ್ಯೆಗೆ ಎಳೆಗಾಯಿ, ಎಳ್ಳ ಅಮಾವಾಸ್ಯೆಗೆ ಬಲಿತ ಕಾಯಿ. ಮೊದಲ ಎರಡು ಅಮಾವಾಸ್ಯೆಗಳ ನಡುವೆ ಹೊಲದಲ್ಲಿ ಓಡಾಡಿ ತುದಿಗಳನ್ನು ತಿರುವಿ ನೋಡಿದವನು ಗೆದ್ದ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವುದನ್ನು ಕೃಷಿ ಅಧಿಕಾರಿಗಳು ಭಾಷಣದಲ್ಲಿ ಹೊಗಳುವುದುಂಟು. ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಇಡೀ ಮನೆ ಹೊಲಕ್ಕೆ ಹೋಗಿ, ಕಲ್ಲುಗಳನ್ನಿಟ್ಟು ಪೂಜೆ ಮಾಡಿ, ಎಡೆಯನ್ನು ಹೊಲದ ತುಂಬ ಎರಚಿದರೆ ಹಕ್ಕಿಗಳು ಬರುತ್ತವೆ, ಹುಳು ಹೆಕ್ಕುತ್ತವೆ, ಹಿರಿಯರಿಗೆ ಇದು ಗೊತ್ತಿತ್ತು ಎಂದು. ಕೇಳಲು ಚಂದ. ಆದರೆ ಆ ಹೊತ್ತಿಗೆ ತೊಗರಿಯ ಆಟ ಹೆಚ್ಚುಕಡಿಮೆ ಮುಗಿದಿರುತ್ತದೆ, ಕೆಲವು ಹೊಲ ಕಟಾವೂ ಆಗಿರುತ್ತವೆ. ಚರಗದ ಹಕ್ಕಿ ನಿಜವಾಗಿ ನೆರವಿಗೆ ಬಂದರೆ ಅದು ಪಕ್ಕದ ಕಡಲೆಗೆ. ತೊಗರಿಗೆ ಬೇಕಿದ್ದ ಹಕ್ಕಿ ಒಂದೂವರೆ ತಿಂಗಳ ಮೊದಲೇ ಬರಬೇಕಿತ್ತು. ಕಾಜಾಣ, ಗೊರವಂಕಗಳು ಕೂರಲೆಂದು ಹೊಲದಲ್ಲಿ ಅಡ್ಡಕಡ್ಡಿ ಕಟ್ಟಿದ ಗೂಟ ನೆಡಲು ಹೇಳುವುದು ಅದಕ್ಕೇ.

ಹಿರಿಯರು 1997–98ರ ಹಂಗಾಮನ್ನು ಇನ್ನೂ ಮರೆತಿಲ್ಲ. ಹೊತ್ತಲ್ಲದ ಹೊತ್ತಿನ ಮಳೆ, ಮೋಡ, ಅದರ ಬೆನ್ನಿಗೇ ಕಾಯಿಕೊರಕದ ದಂಡು. ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ತೊಗರಿ ನೆಲಕಚ್ಚಿತು, ರೈತರ ಆತ್ಮಹತ್ಯೆಗಳು ನಡೆದವು. ಬೀದರಿನ ಸಾವುಗಳ ಬಗ್ಗೆ ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ ಅವರು 1999ರಲ್ಲಿ ಬರೆದ ಲೇಖನ ಹುಳುವನ್ನಷ್ಟೇ ದೂರದೆ ಮಾರುಕಟ್ಟೆ, ಸರ್ಕಾರ ಎರಡನ್ನೂ ಕಟಕಟೆಗೆ ತಂದಿತ್ತು. ಹುಳುವಿನ ಕತೆಯೂ ಅಷ್ಟೇ ಗಂಭೀರ. ಹತ್ತು ವರ್ಷ ಮೊದಲು, 1987ರಲ್ಲಿ, ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳಿಗೆ ಈ ಕೀಡೆ ಜಗ್ಗದೆ ನಿಂತಿತ್ತು. ಸಿಂಪಡಿಸಿದಷ್ಟೂ ಸಾಯುವಂಥವು ಸತ್ತು, ಸಾಯದವು ಮಕ್ಕಳುಮರಿ ಮಾಡಿದವು. ಚಿಟ್ಟೆಗೆ ಜಿಲ್ಲೆಯ ಗಡಿ ಇಲ್ಲ, ಗಾಳಿ ಹಿಡಿದು ದೂರ ಸಾಗಬಲ್ಲ ಜೀವ. 'ಎಷ್ಟ್ ಎಣ್ಣಿ ಹೊಡದ್ರೂ ಸಾಯವಲ್ದು' ಎಂದು ನಮ್ಮ ರೈತರು ತಲೆಮೇಲೆ ಕೈ ಇಟ್ಟುಕೊಂಡಾಗ ಅಂಗಡಿಯವರು ಕೊಟ್ಟ ಉತ್ತರ, ಇನ್ನೊಂದು ಡಬ್ಬಿ.

ಆ ಕಾಲದಲ್ಲಿ ಕೈ ಹಿಡಿದಿದ್ದು ಹಳೆಯ ಉಪಾಯ, ಗಿಡ ಜಾಡಿಸುವುದು. ಎರಡು ಸಾಲಿನ ನಡುವೆ ಒಬ್ಬರು ತಾಡಪತ್ರಿಯನ್ನೋ ಹಳೆ ಸೀರೆಯನ್ನೋ ಎಳೆಯುತ್ತ ಹೋಗುವುದು, ಎರಡು ಮಗ್ಗುಲಿಗೆ ಇಬ್ಬರು ಗಿಡವನ್ನು ಬಾಗಿಸಿ ಅಲುಗಿಸುವುದು. ಬೆಳೆದ ಕೀಡೆಗೆ ಒಂದು ಗುಣವಿದೆ, ಬೆದರಿದರೆ ಹಿಡಿತ ಬಿಟ್ಟು ಕೆಳಗೆ ಉದುರುತ್ತದೆ. ಅದೇ ಅದಕ್ಕೆ ಮುಳುವು. ಸೀರೆಯ ತುಂಬ ಬಿದ್ದ ಹುಳುಗಳನ್ನು ಸೀಮೆಎಣ್ಣೆ ನೀರಿಗೆ ಹಾಕುತ್ತಿದ್ದರು, ಇಲ್ಲವೇ ಕೋಳಿಗಳ ಮುಂದೆ ಸುರಿಯುತ್ತಿದ್ದರು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ, ಹೈದರಾಬಾದ್ ಸಮೀಪದ ಪಟಾಂಚೆರುವಿನಲ್ಲಿ 1972ರಿಂದ ಇರುವ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಎರಡೂ ಈ ವಿಧಾನವನ್ನು ಹಳ್ಳಿಹಳ್ಳಿಗೆ ಒಯ್ದವು. ಕೂಲಿ ಕಡಿಮೆ ಇದ್ದ ಕಾಲ. ಈಗ ಎಕರೆಗೆ ಆರು ಹೆಣ್ಣಾಳು ಕೂಡಿಸುವುದೆಂದರೆ ಡ್ರೋನ್ ತರಿಸುವುದೇ ಸುಲಭ ಎನ್ನುವ ಪರಿಸ್ಥಿತಿ.

ಹೀಗೆ ಉದುರಿಸಿದ ಹುಳುವಿಗೆ ಇನ್ನೊಂದು ಉಪಯೋಗವೂ ಇತ್ತು. ಈ ಕೀಡೆಗೆ ಮಾತ್ರ ತಗಲುವ ಒಂದು ನಂಜಾಣು ಇದೆ, ಎನ್‌ಪಿವಿ ಎನ್ನುತ್ತಾರೆ. ಅದು ತಗಲಿದ ಕೀಡೆ ತಿನ್ನುವುದು ಬಿಟ್ಟು ಗಿಡದ ತುತ್ತತುದಿಗೆ ಏರುತ್ತದೆ, ಅಲ್ಲಿ ಹಿಂದಿನ ಕಾಲುಗಳಲ್ಲಿ ಜೋತು, ತಲೆಕೆಳಗಾಗಿ ಸಾಯುತ್ತದೆ. ಮೈ ಕರಗಿ ಕಪ್ಪು ನೀರಾಗಿ ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ, ಅದನ್ನು ತಿಂದ ಇನ್ನೊಂದಕ್ಕೆ ರೋಗ. ಮೇಲಕ್ಕೇ ಏಕೆ ಏರುತ್ತದೆ ಎಂದರೆ, ನಂಜಾಣುವಿಗೆ ಹರಡಲು ಎತ್ತರ ಬೇಕು. ಕೀಡೆಯನ್ನು ನಡೆಸುವುದು ಆಗ ಕೀಡೆಯಲ್ಲ. ಉದುರಿಸಿದ ಹುಳುಗಳಿಗೆ ಈ ನಂಜಾಣು ತಗಲಿಸಿ, ಸತ್ತವನ್ನು ಅರೆದು, ಸೋಸಿ, ಬೆಲ್ಲ ಬೆರೆಸಿ ಸಂಜೆ ಸಿಂಪಡಿಸಬೇಕು. ಬಿಸಿಲಿಗೆ ನಂಜಾಣು ಉಳಿಯುವುದಿಲ್ಲ. ಹಗಲಿನಲ್ಲೇ ಹೊಡೆದು 'ಏನೂ ಫರಕ್ ಆಗಿಲ್ಲ' ಎಂದವರು ಬೇಕಾದಷ್ಟಿದ್ದಾರೆ.

ಎಳೆಯ ಮರಿಗೆ ಇನ್ನೊಬ್ಬ ಶತ್ರು, ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜ. ಮರಿಯ ಮೈಯೊಳಗೆ ಮೊಟ್ಟೆ ಇಟ್ಟು ಹೋಗುತ್ತದೆ, ಕಣಜದ ಮರಿ ಒಳಗಿನಿಂದ ತಿಂದು ಹೊರಬಂದು ಪಕ್ಕದಲ್ಲೇ ಪುಟ್ಟ ಗೂಡು ಕಟ್ಟುತ್ತದೆ. ಕಡಲೆ ಹೊಲದಲ್ಲಿ ಈ ಗೂಡು ಕಂಡರೆ ಔಷಧಿ ಪಂಪು ಮನೆಯಲ್ಲೇ ಇರಲಿ. ರೆಕ್ಕೆ ಬಂದಮೇಲೆ ಚಿಟ್ಟೆಯ ಬೆನ್ನು ಹತ್ತುವುದು ಬಾವಲಿ. ಹಳೆ ಗುಡಿ, ಕೋಟೆ ಗೋಡೆಗಳ ಸಂದಿಯಿಂದ ಹೊರಟ ಸಣ್ಣ ಬಾವಲಿಗಳು ತೊಗರಿಯ ಮೇಲೆ ಸುತ್ತು ಹೊಡೆಯುವಾಗ ಚಿಟ್ಟೆ ಒಮ್ಮೆಲೇ ದಿಕ್ಕು ಬದಲಿಸಿ ಕೆಳಗೆ ಧುಮುಕುವುದನ್ನು ನೋಡಬಹುದು. ಈ ಜಾತಿಯ ಪತಂಗಗಳ ಎದೆಯ ಹಿಂಭಾಗದಲ್ಲಿ ಕಿವಿಗಳಿವೆ. ಒಂದೊಂದು ಕಿವಿಯಲ್ಲಿ ಕೇಳುವ ಜೀವಕೋಶ ಎರಡೇ ಎರಡು. ಅಮೆರಿಕದ ವಿಜ್ಞಾನಿ ಕೆನೆತ್ ರೋಡರ್ ಕಳೆದ ಶತಮಾನದ ನಡುಗಾಲದಲ್ಲಿ ಪತಂಗಗಳ ಈ ಕಿವಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ. ಬಾವಲಿಯ ಕೂಗು ದೂರದಿಂದ ಸಣ್ಣಗೆ ಕೇಳಿದರೆ ಪತಂಗ ಸುಮ್ಮನೆ ತಿರುಗಿ ಆಚೆ ಹೋಗುತ್ತದೆ, ಹತ್ತಿರದಲ್ಲಿ ಜೋರಾಗಿ ಕೇಳಿದರೆ ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತದೆ. ಎರಡೇ ಕೋಶಗಳಲ್ಲಿ ಇಷ್ಟು ವಿವೇಕ.

ನಮಗೆ ಆ ಕಿವಿ ಇಲ್ಲ, ಆದರೆ ಗಂಡು ಚಿಟ್ಟೆಯ ಮೂಗನ್ನು ಬಳಸಿಕೊಳ್ಳಬಹುದು. ಹೆಣ್ಣು ಬಿಡುವ ವಾಸನೆಯನ್ನು ಕೃತಕವಾಗಿ ತಯಾರಿಸಿ ರಬ್ಬರ್ ಬಿರಡೆಗೆ ಹಿಡಿಸಿ, ಆಲಿಕೆಯಾಕಾರದ ಪ್ಲಾಸ್ಟಿಕ್ ಬಲೆಯಲ್ಲಿ ನೇತುಹಾಕುತ್ತಾರೆ. ಇದು ಮೋಹಕ ಬಲೆ. ವಾಸನೆಗೆ ಬಂದ ಗಂಡು ಕೆಳಗಿನ ಚೀಲಕ್ಕೆ ಬೀಳುತ್ತದೆ. ಬಹಳ ಜನ ಇದನ್ನು ಹುಳು ಕೊಲ್ಲುವ ಯಂತ್ರ ಎಂದುಕೊಂಡಿದ್ದಾರೆ, ಸಬ್ಸಿಡಿಯಲ್ಲಿ ಕೊಟ್ಟವರೂ ಬಿಡಿಸಿ ಹೇಳುವುದಿಲ್ಲ. ಗಂಡುಗಳನ್ನು ಹಿಡಿದ ಮಾತ್ರಕ್ಕೆ ಹೊಲ ಉಳಿಯುವುದಿಲ್ಲ, ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕು. ಬಲೆ ಇರುವುದು ಸುದ್ದಿ ತಿಳಿಯಲು. ನಿನ್ನೆ ಎರಡು ಬಿದ್ದಿದ್ದವು, ಇಂದು ಹತ್ತು ಬಿದ್ದಿವೆ ಎಂದರೆ ಇನ್ನು ಮೂರು ನಾಲ್ಕು ದಿನದಲ್ಲಿ ತುದಿಗಳಲ್ಲಿ ಮೊಟ್ಟೆ ಹುಡುಕು ಎಂದರ್ಥ. ಗಿಡಕ್ಕೆ ಎರಡು ಮೊಟ್ಟೆ ಸಿಕ್ಕರೆ ಬೇವಿನ ಕಷಾಯವೋ ಮತ್ತೊಂದೋ ಆಗಲೇ. ಹೊಲ ಸುತ್ತಿದಾಗಲೆಲ್ಲ ನಾನು ಕಂಡಿರುವ ಬಲೆಗಳ ಸ್ಥಿತಿ ಮಾತ್ರ ಬೇರೆ. ಚೀಲ ಹರಿದಿರುತ್ತದೆ, ತಿಂಗಳಿಗೊಮ್ಮೆ ಬದಲಿಸಬೇಕಾದ ಬಿರಡೆ ಹೋದ ವರ್ಷದ್ದೇ ಇರುತ್ತದೆ.

ಮೊಗ್ಗು ಹೂ ತಿಂದಿತು ಎಂದು ತಕ್ಷಣ ಗಾಬರಿಯಾಗುವುದೂ ಬೇಡ. ತೊಗರಿ ತನ್ನ ಹೂವಿನಲ್ಲಿ ಬಹುಪಾಲನ್ನು ತಾನೇ ಉದುರಿಸಿಬಿಡುವ ಗಿಡ, ಒಂದು ಸುತ್ತಿನ ಹೂ ಹೋದರೆ ಇನ್ನೊಂದು ಸುತ್ತು ಕಟ್ಟುತ್ತದೆ. ಹುಳುವಿನ ಜೊತೆ ಬದುಕಿ ಕಲಿತ ಉಪಾಯವಿರಬಹುದು. ಅದರ ಕಾಡಿನ ದಾಯಾದಿ ಇನ್ನೂ ಜಾಣ. ನೆಲದ ಮೇಲೆ ಹಬ್ಬುವ ಕಜಾನಸ್ ಸ್ಕಾರಬಿಯಾಯ್ಡಿಸ್ ಎಂಬ ಕಾಡು ತೊಗರಿಯ ಕಾಯಿಯ ಮೇಲೆ ದಟ್ಟ ರೋಮ, ಎಳೆ ಮರಿಗೆ ಅದನ್ನು ದಾಟಿ ಸಿಪ್ಪೆಗೆ ಬಾಯಿ ಹಚ್ಚಲು ಆಗುವುದಿಲ್ಲ. ಅಡುಗೆಗೆ ಸುಲಭವಾಗಲಿ ಎಂದು ನಾವು ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ತೊಗರಿಯಲ್ಲಿ ಆ ರಕ್ಷೆ ಉಳಿದಿಲ್ಲ. ಅದನ್ನು ಮರಳಿ ತರುವ ತಳಿಸಂಕರದ ಕೆಲಸ ಇಕ್ರಿಸ್ಯಾಟ್‌ನಲ್ಲಿ ಬಹಳ ವರ್ಷಗಳಿಂದ ನಡೆದಿದೆ.

ಸಂಕ್ರಾಂತಿ ಹೊತ್ತಿಗೆ ತೊಗರಿ ಕಣಕ್ಕೆ ಬಂದರೆ ಚಿಟ್ಟೆ ಕಡಲೆಗೆ ಹೊರಳುತ್ತದೆ. ಅಲ್ಲಿ ಸ್ವಾಗತ ಬೇರೆ. ಕಡಲೆಯ ಎಲೆ ರೋಮಗಳಿಂದ ಒಸರುವ ಹುಳಿಯಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳಿವೆ. ಚಳಿಗಾಲದ ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ನಮ್ಮ ಹೆಣ್ಣುಮಕ್ಕಳು ತೆಗೆಯುತ್ತಿದ್ದ ಕಡಲೆ ಹುಳಿ ಇದೇ, ಹೊಟ್ಟೆನೋವಿಗೆ ಮದ್ದೆಂದು ಶೀಶೆಯಲ್ಲಿ ಕಾದಿಡುತ್ತಿದ್ದರು. ಆಕ್ಸಾಲಿಕ್ ಆಮ್ಲ ಸೇರಿದ ಮರಿಯ ಬೆಳವಣಿಗೆ ಕುಂಠಿತವಾಗುತ್ತದೆ. ಆದರೂ ಚಿಟ್ಟೆ ಕಡಲೆಯನ್ನು ಬಿಟ್ಟುಕೊಟ್ಟಿಲ್ಲ.

ಉಂಡು ಬಲಿತ ಕೀಡೆ ಕೊನೆಗೆ ಗಿಡದಿಂದ ಇಳಿದು ಎರೆ ಮಣ್ಣೊಳಗೆ ನಾಲ್ಕಾರು ಬೆರಳಿನ ಆಳಕ್ಕೆ ಹೋಗಿ ಕಂದು ಕೋಶವಾಗುತ್ತದೆ. ಹತ್ತು ಹದಿನೈದು ದಿನಕ್ಕೆ, ಹೊತ್ತು ಮುಳುಗಿದ ಮೇಲೆ, ಮಣ್ಣು ಸರಿಸಿ ಮೇಲೆ ಬಂದು, ಯಾವುದಾದರೂ ಕಡ್ಡಿ ಏರಿ, ಮುದುಡಿದ ರೆಕ್ಕೆ ಬಿಡಿಸಿ ಒಣಗಿಸಿಕೊಂಡು ಅದೇ ರಾತ್ರಿ ಹಾರುತ್ತದೆ. ಮಾಗಿ ಉಳುಮೆ ಮಾಡಿ ಎಂದು ಹಿರಿಯರೂ ವಿಜ್ಞಾನಿಗಳೂ ಒಂದೇ ಬಾಯಲ್ಲಿ ಹೇಳುವುದು ಈ ಕೋಶಗಳ ಸಲುವಾಗಿ. ನೇಗಿಲು ಮಗುಚಿದ ಮಣ್ಣಿನಲ್ಲಿ ಅವು ಬಿಸಿಲಿಗೆ ಬೀಳುತ್ತವೆ, ಬೆಳ್ಳಕ್ಕಿ, ಕಾಜಾಣ ಹಿಂದೆಯೇ ಬಂದು ಹೆಕ್ಕುತ್ತವೆ. ಆದರೆ ಉಳುವ ದಿನವನ್ನು ಗೊತ್ತುಮಾಡುವುದು ಈಗ ಬಾಡಿಗೆ ಟ್ರ್ಯಾಕ್ಟರ್. ಕಡಲೆ ಕಿತ್ತ ಬೆನ್ನಿಗೇ ಸಿಕ್ಕರೆ ಸರಿ. ಹದಿನೈದು ದಿನ ತಡವಾಯಿತೆಂದರೆ ನೇಗಿಲಿಗೆ ಸಿಗುವುದು ಖಾಲಿ ಸಿಪ್ಪೆ, ಚಿಟ್ಟೆ ಅಷ್ಟೊತ್ತಿಗೆ ಕಾಗಿಣಾ ನದಿ ದಂಡೆಯ ಯಾರದೋ ಟೊಮ್ಯಾಟೊ ಹೊಲ ಸೇರಿರುತ್ತದೆ.